ತಣ್ಣಗಾಗದ ಬ್ಲಾಕು

ಮಧ್ಯಾಹ್ನದಿಂದ ಹೊಯ್ಯುತ್ತಿದ್ದ ಮಳೆಗೆ ಕರೆಂಟು ಹೋಗಿ ಲ್ಯಾಬಿನ ಯಂತ್ರಗಳೆಲ್ಲ ಸುಮ್ಮನಾದವು. ಹೊಸದಾಗಿ ಸೇರಿದ್ದ ಟೆಕ್ನಿಷಿಯನ್ ಮಾತ್ರ ಗೊಣಗುತ್ತಲೇ ಇದ್ದಳು. ಪರೀಕ್ಷೆಗೆ ತೆಳು ಪದರ ಕತ್ತರಿಸುವ ಮುಂಚೆ ಮೇಣ ಗಟ್ಟಿಯಾಗಲೆಂದು, ರೋಗಿಗಳ ಅಂಗಾಂಶ ಹುದುಗಿಸಿದ ಮೇಣದ ಬ್ಲಾಕುಗಳನ್ನು ಐಸಿನ ಮೇಲೆ ಇಟ್ಟಿದ್ದಳು. ಒಂದರ ಕೆಳಗೆ ಐಸು ಕರಗಿ ಗುಳಿ ಬಿದ್ದಿತ್ತು. ಆ ಬ್ಲಾಕಿನಲ್ಲಿದ್ದದ್ದು ಯಾರದೋ ಶ್ವಾಸಕೋಶದ ಚೂರು, ವೈರಸ್ ಇರುವುದು ಖಾತ್ರಿಯಾದದ್ದು. ಬಣ್ಣ ಸರಿಯಾಗಿ ಹತ್ತುತ್ತಿದೆಯೇ ಎಂದು ನೋಡಲು ಪ್ರತಿ ಪರೀಕ್ಷೆಯ ಜೊತೆಗೂ ಅದರದೊಂದು ಪದರ ಇಡುವುದು ಅಲ್ಲಿನ ರೂಢಿ.

ನಿವೃತ್ತರಾದ ಮೇಲೂ ಕೆಲಸ ಕಲಿಸಲು ಬರುತ್ತಿದ್ದ, ಎಲ್ಲರೂ ಮೇಣದಜ್ಜಿ ಎನ್ನುತ್ತಿದ್ದ ಹಳೆಯ ಟೆಕ್ನಿಷಿಯನ್ ಸ್ಟೂಲು ಎಳೆದುಕೊಂಡು ಕೂತರು.

"ಅದು ತಣ್ಣಗಾಗಲ್ಲ ಕಣೇ, ಸುಮ್ನೆ ಐಸು ದಂಡ ಮಾಡ್ಬೇಡ. ಬನ್ನಿ ಎಲ್ಲ, ಇಲ್ಲಿ ಕೂತ್ಕೊಳ್ಳಿ... ಅದು ನಮ್ಮಕ್ಕ.

"ಹ್ಞೂಂ, ನಗಿ. ನನಗಾಗ ಒಂಬತ್ತು, ಅವಳಿಗೆ ಹದಿನಾಲ್ಕು. ಮೈ ಸುಡೋ ಜ್ವರ. ಅಮ್ಮ ನೋಡ್ಲಾರದೆ ತಲೆ ಮೇಲೆ ತಣ್ಣೀರು ಸುರಿದ್ಲು, ಆಸ್ಪತ್ರೆ ಸೇರೋ ಹೊತ್ತಿಗೆ ಅಕ್ಕ ಇಲ್ಲ. ಡಾಕ್ಟ್ರು ಕಾರಣ ಗೊತ್ತಾಗ್ಲಿಲ್ಲ ಅಂದು ಶ್ವಾಸಕೋಶದ್ದೊಂದು ಚೂರು ತೆಗೆದಿಟ್ಕೊಂಡ್ರು. ನಮ್ಮಪ್ಪಂಗೆ, ಅತ್ತೆಗೆ ಎಲ್ಲ ಗೊತ್ತಿತ್ತಲ್ಲ... ನೀರು ಹಾಕಿ ಮಗಳನ್ನ ಕೊಂದ್ಲು ಅಂತ ಅಮ್ಮನ ಮುಖಕ್ಕೇ ಅಂದ್ರು. ಎಷ್ಟು ವರ್ಷ ಅಂದ್ರು ಅಂತೀರ? ಮೂವತ್ತು. ಅಮ್ಮ ಹಾಸಿಗೆ ಹಿಡಿದಾಗ ನನ್ನ ಕೇಳಿದ್ದು ಒಂದೇ... 'ನಾನೇ ಕೊಂದ್ನೇನೇ?'

"ಅಷ್ಟೊತ್ತಿಗೆ ನಾನು ಅದೇ ಆಸ್ಪತ್ರೆಯ ಈ ಲ್ಯಾಬು ಸೇರಿದ್ದೆ, ವೈರಸ್ ಇದ್ರೆ ಕಂದು ಬಣ್ಣ ತೋರ್ಸೋ ಪರೀಕ್ಷೆ ಬಂದಿತ್ತು. ಉಗ್ರಾಣವೆಲ್ಲ ತಡಕಾಡಿ ಅಕ್ಕನ ಬ್ಲಾಕು ತಂದೆ. ಐಸಿನ ಮೇಲಿಟ್ರೆ ಐಸೇ ನೀರು. ತೆಗೆದ ಪದರ ಎಲ್ಲ ಮುದುಡಿ ಬ್ಲೇಡಿಗೇ ಮೆತ್ಕೊಳ್ತು. ಅಲ್ಲಿ ಅಮ್ಮ ಇವತ್ತೋ ನಾಳೆಯೋ ಅನ್ನೋ ಹಾಗಿದ್ದಾಳೆ, ಏನು ಮಾಡ್ಲಿ? ಒದ್ದೆ ಬಟ್ಟೆ ಹಿಂಡಿ ಅದರ ಮೇಲೆ ಹಾಕ್ದೆ. 'ಅಕ್ಕಾ, ಅಮ್ಮನಿಗೋಸ್ಕರ ಒಂದು ಗಳಿಗೆ ತಡ್ಕೊಳ್ಳೇ' ಅಂದೆ... ತಣ್ಣಗಾಯ್ತು. ನನ್ನಾಣೆಗೂ ತಣ್ಣಗಾಯ್ತು. ಒಂದೇ ಒಂದು ಪದರ ಚೆನ್ನಾಗಿ ಬಂತು, ಅಷ್ಟರಲ್ಲಿ ಬ್ಲಾಕು ಮತ್ತೆ ಬಿಸಿ. ಪದರಕ್ಕೆ ಬಣ್ಣ ಹಾಕಿದ್ರೆ ತುಂಬಾ ಕಂದು ಚುಕ್ಕೆ. ಅಮ್ಮನ ನೀರಲ್ಲ, ವೈರಸ್ಸು.

"ಓಡಿ ಹೋಗಿ ಹೇಳ್ದೆ. ಅಮ್ಮ ಗೊಳೋ ಅಂತ ಅತ್ಲು. ಬ್ಲಾಕು ಸುಡ್ತಿದ್ದಿದ್ದೂ ಬಾಯಿ ತಪ್ಪಿ ಬಂದ್ಬಿಡ್ತು. ಆಗ ಕೇಳಿದ್ಲು, 'ಈಗಲಾದ್ರೂ ಅವಳಿಗೆ ಜ್ವರ ಬಿಟ್ಟಿದ್ಯೇನೇ?' ಹಿಂದೆ ಮುಂದೆ ನೋಡದೆ ಬಿಟ್ಟಿದೆಯಮ್ಮಾ ಅಂದ್ಬಿಟ್ಟೆ. ನಿಶ್ಚಿಂತೆಯಾಗಿ ಕಣ್ಣು ಮುಚ್ಚಿದ್ಲು."

ಈಗ ಯಾರೂ ನಗುತ್ತಿರಲಿಲ್ಲ. ಅಜ್ಜಿ ಕೈ ಚಾಚಿ, ಮಲಗಿದ ಮಗುವಿನ ಹಣೆ ನೋಡುವ ಹಾಗೆ ಮೆಲ್ಲಗೆ ಬ್ಲಾಕನ್ನು ಮುಟ್ಟಿದರು.

"ಒದ್ದೆ ಬಟ್ಟೆ ತಗೊಂಡ್ಬಾರೇ," ಎಂದರು. "ಇವತ್ತು ಸ್ವಲ್ಪ ಜಾಸ್ತಿನೇ ಇದೆ."