ಬಾಗಿಲ ಗೂಡಿನ ಮಸೆಗಲ್ಲು

ಅಲ್ಲ ಮಕ್ಳಾ, ನೆರೆ ಬಂದಾಗ ಅಲ್ಲ, ನೆರೆ ಇಳಿದ್ಮೇಲೆ ಇತ್ತಲ್ಲ, ಅದೇ ನರಕ. ಗಂಗಮ್ಮ ಮನೆಯೊಳಗೆ ಬಂದ್ಳು, ಹೋಗ್ತಾ ನಿಮ್ತಾತನ ಮಸೆಗಲ್ಲು ಹೊತ್ಕೊಂಡು ಹೋದ್ಳು. ನಗ್ಬೇಡ್ವೋ ಮುನ್ನಾ! ಕಲ್ಲು ಅಂದ್ರೆ ಅದೇನು ಬೀದಿ ಕಲ್ಲಾ? ನಿಮ್ತಾತ ಕಾಶೀಲಿ ಕೇದಾರ ಘಾಟ್ನಲ್ಲಿ ನಮ್ಮ ಕಡೆ ಜನಕ್ಕೆಲ್ಲ ಕ್ಷೌರ ಮಾಡೋರು, ಆ ಕಲ್ಲು ಅವರಪ್ಪನ ಕಾಲದ್ದು, ಯಾವನೋ ಬಿಳೀ ದೊರೆ ಬಿಟ್ಟು ಹೋಗಿದ್ದಂತೆ, ಅಂಗೈಯಷ್ಟುದ್ದ, ಮೇಲೆ ಬೆಣ್ಣೆ ಬಣ್ಣ ಕೆಳಗೆ ನೇರಳೆ ಬಣ್ಣ, ಎರಡೂ ಪದರ ಹುಟ್ಟಿನಿಂದ್ಲೇ ಅಂಟ್ಕೊಂಡಿದ್ದು. ಅದು ಹೋಯ್ತಾ, ಸೋನಾರ್‌ಪುರದಿಂದ ಒಂದು ಒರಟು ಕಲ್ಲು ತಂದ್ರು. ಅದ್ರಲ್ಲಿ ಮಸೆದ್ರೆ ಉಸ್ತರಾ, ಅದೇ ಕ್ಷೌರದ ಕತ್ತಿ, ಅದ್ರ ಬಾಯಿ ಗರಗಸ ಕಣ್ರೋ, ಗರಗಸ! ಗಿರಾಕಿಗಳು ಒಬ್ಬೊಬ್ರೇ ಬೇರೆ ಕ್ಷೌರದವ್ರ ಹತ್ರ ಹೋದ್ರು, ನಮ್ಮ ಒಲೆ ಆರ್ತು. ಉಳಿದಿದ್ದು ವೆಂಕಮ್ಮನೋರು ಒಬ್ರೇ.

ಯಾರು ಅಂದ್ರೆ, ಹಾಸನದ ಕಡೆಯವ್ರು, ಗಂಡ ಸತ್ಮೇಲೆ ಕಾಶೀಲೇ ಸಾಯ್ಬೇಕು ಅಂತ ಬಂದು ನಮ್ಮ ಗಲ್ಲೀಲೇ ಒಂದು ಕೋಣೆ ಹಿಡಿದಿದ್ರು. ಮಡಿ ಹೆಂಗಸು, ತಲೆ ಬೋಳಿಸ್ಕೊಳ್ದೆ ಒಲೆ ಮುಟ್ಟೋ ಹಾಗಿಲ್ಲ. ಆ ಕತ್ತಿಗೇ ತಲೆ ಒಡ್ಡೋರು ಪಾಪ. ಗಾಯದ ಮೇಲೆ ಗಾಯ, ಕೀವು, ಸೆರಗಿನ ತುಂಬ ಕಲೆ. ನಾನು ಬಿಸಿನೀರು ಹಿಡ್ಕೊಂಡು ನಿಂತಿರ್ತಿದ್ದೆ, ನೋಡಕ್ಕಾಗ್ತಿರ್ಲಿಲ್ಲ.

ಒಂದಿನ ಏನಾಯ್ತು, ಅವರ ಬಾಗಿಲ ಪಕ್ಕ ಒಂದು ಗೂಡಿತ್ತು, ಅದ್ರಲ್ಲಿ ಈಶ್ವರ. ನೆರೆ ಕೆಸರಲ್ಲಿ ಸಿಕ್ಕಿದ್ದಂತೆ, ಕಾಶೀಲಿ ಕಲ್ಲು ಸಿಕ್ರೆ ಇನ್ನೇನು ಮಾಡ್ತಾರೆ? ತುಪ್ಪ, ಕುಂಕುಮ, ಕರ್ರಗೆ ಮೆತ್ಕೊಂಡಿತ್ತು. ಅವ್ರು ನೀರು ಹಾಕಿದ್ರು, ಅಂಚಿನಲ್ಲಿ ಜಿಡ್ಡಿನ ಒಂದು ಚಕ್ಕೆ ಉದುರ್ತು, ಅಯ್ಯೋ, ಬೆಣ್ಣೆ ಬಣ್ಣ, ಕೆಳಗೆ ನೇರಳೆ ಗೆರೆ! "ಅಮ್ಮಾವ್ರೇ, ಅದು ನಮ್ಮ ಮಸೆಗಲ್ಲು" ಅಂದ್ಬಿಟ್ಟೆ. "ನಿನ್ನ ಬಾಯಿಗೆ ಹುಳ ಬೀಳ! ಈಶ್ವರನ ಮೇಲೆ ಕತ್ತಿ ಮಸೀತೀಯೇನೇ?" ಅಂತ ಅಟ್ಟಿಸ್ಕೊಂಡೇ ಬಂದ್ರು.

ಮುಂದಿನ ಸಲ ಬೋಳಿಸುವಾಗ ರಕ್ತ ಕಿವಿ ಮೇಲಿಂದ ತೊಟ್ಟಿಕ್ಕಿ ನೆಲಕ್ಕೆ ಬಿತ್ತು. ಅಮ್ಮಾವ್ರು ಅರ್ಧ ಬೋಳಿಸಿದ ತಲೇಲೇ ಎದ್ರು, ಗೂಡಿಗೆ ಕೈ ಹಾಕಿ ಕಲ್ಲು ಕಿತ್ತು ನನ್ನ ಮುಂದೆ ಇಟ್ರು. "ನಿಮ್ದೇ ಆದ್ರೆ ನಿಮ್ಮ ಮಾತು ಕೇಳ್ಲಿ, ನೋಡೋಣ." ನಿಮ್ತಾತ ಹಿಂದೆ ಸರಿದ್ರು, "ಪೂಜೆ ಆಗಿರೋ ಕಲ್ಲು, ನನ್ನ ಕೈ ಬರಲ್ಲ ಕಣೇ." ಸರಿ, ನಾನೇ ಕೂತೆ. ನೋಡಿದ್ದೆನಲ್ಲ ದಿನಾ! ಉಸ್ತರಾ ಇಟ್ರೆ ಜಾರ್ತದೆ, ಹಿಡಿಯೋದೇ ಇಲ್ಲ, ತುಪ್ಪ ಕುಡಿದಿದೆ. "ಕಂಡ್ಯಾ?" ಅಂದ್ರು ಅಮ್ಮಾವ್ರು. ಬೂದಿ ಹಾಕಿ, ಬಿಸಿನೀರು ಹಾಕಿ ಉಜ್ಜಿದೆ, ಇನ್ನೊಂದ್ಸಲ ಉಜ್ಜಿದೆ, ಕೈ ಸುಲಿದು ಹೋಯ್ತು. ಆಮೇಲೆ ನೀರು ಚಿಮುಕ್ಸಿ ಸಣ್ಣ ಕಲ್ಲಿನ ಚೂರಿಂದ ತಿಕ್ಕಿದ್ರೆ ಹಾಲು ಬಂತು ಮಕ್ಳಾ, ಹಾಲಿನಂಥ ನೀರು! ಉಸ್ತರಾ ಮಟ್ಟಸವಾಗಿ ಇಟ್ಟೆ, ಬೆನ್ನೂ ಬಾಯೀ ಎರಡೂ ಕಲ್ಲಿಗೆ ತಾಗೋ ಹಾಗೆ, ಬಾಯಿ ಮುಂದು ಮಾಡಿ ತಳ್ಳೋದು, ಬೆನ್ನ ಮೇಲೆ ತಿರುವೋದು, ಒತ್ಬಾರ್ದು, ಕೊನೆಗೆ ಬರೀ ನೀರಲ್ಲಿ, ಕೈ ಭಾರಾನೂ ಬೀಳ್ಬಾರ್ದು. ಮುಂಗೈ ಕೂದಲಿಗೆ ತಾಗಿಸ್ದೆ, ಉದುರ್ತು. ಚರ್ಮದ ಪಟ್ಟಿಗೆ ತೀಡಿ ನಿಮ್ತಾತನ ಕೈಗೆ ಕೊಟ್ಟೆ.

ಉಳಿದರ್ಧ ತಲೆ ಬೋಳಿಸಿ ಮುಗಿಸಿದ್ರು. ಅಮ್ಮಾವ್ರು ಕಣ್ಣು ಮುಚ್ಚಿ ಕೂತೇ ಇದ್ರು. "ಯಾಕಪ್ಪಾ, ಇನ್ನೂ ಶುರು ಮಾಡ್ಲಿಲ್ವಾ?" ಅಂದ್ರು.

ಆದ್ರೆ ಹಳೇ ಗಾಯದ ನಂಜು ಆಗ್ಲೇ ಏರಿತ್ತು. ಜ್ವರ ಬಂತು, ಇಳೀಲಿಲ್ಲ. ಕಲ್ಲು ನಮಗೇ ಕೊಟ್ರು, ಖಾಲಿ ಗೂಡಲ್ಲಿ ಆ ಸೋನಾರ್‌ಪುರದ ಒರಟು ಕಲ್ಲು ಇಡಿಸ್ಕೊಂಡ್ರು, ಅದಕ್ಕೂ ಒಂದು ಹೂವು. "ಇದಕ್ಕೂ ನನ್ನ ರಕ್ತದ ಋಣ ಇದೆಯಲ್ಲೇ" ಅಂದ್ರು. ಕೊನೆಗೆ ಅವರನ್ನ ಹರಿಶ್ಚಂದ್ರ ಘಾಟ್‌ನ ಮಸಣಕ್ಕೆ ಹೊತ್ತವ್ರಲ್ಲಿ ನಿಮ್ತಾತನೂ ಒಬ್ರು.

ಅದಕ್ಕೇ ಹೇಳೋದು, ಆ ಕಲ್ಲಿಗೆ ತುಪ್ಪದ ಕೈ ಮುಟ್ಟಿಸ್ಬೇಡ್ರೋ. ನೀರು ಸಾಕು ಅದಕ್ಕೆ. ಏ ಮುನ್ನಾ, ಮೊದ್ಲು ಕೈ ತೊಳ್ಕೊಂಡು ಬಾ.