ಹೊತ್ತು ಮುಳುಗುವಾಗಿನ ಹಾಡು

ವಯನಾಡಿನ ಸುಲ್ತಾನ್ ಬತ್ತೇರಿಯ ಬಸ್ ಸ್ಟ್ಯಾಂಡಿನಲ್ಲಿ ನನ್ನ ಹಾಗೆಯೇ ಮೈಸೂರು ಬಸ್ಸಿಗೆ ಕಾದಿದ್ದ ಜೈನರ ಅಜ್ಜಿ ಮತ್ತು ಮೊಮ್ಮಗಳ ಮಾತು ಇದು. ಅಜ್ಜಿ ಅವಳನ್ನು ಮಲಯಾಳಿಗಳ ಹಾಗೆ ‘ಮೋಳೇ’, ಮಗಳೇ, ಎಂದು ಕರೆಯುತ್ತಿದ್ದರು. ಮೊಮ್ಮಗಳ ಫೋನಿನಲ್ಲಿ ಗಿಟಾರ್ ಹಿಡಿದ ಒಬ್ಬ ಮುದುಕ ಕಾಣುತ್ತಿದ್ದ.

“ಅಜ್ಜೀ, ನಮ್ಮ ಪನಮರಂ ಊರಿನ ಮನೇಲಿ ಹಾಡಿದ್ದ ಇಂಗ್ಲೆಂಡಿನ ಕಾಲಿನ್ ಇವರೇ ಅಲ್ವಾ?”

“ಇವನೇ ಮೋಳೇ. ನಮ್ಮ ತೋಟ ನೋಡೋಕೆ ಬಂದಿದ್ದ. ಆಗ ಗಡ್ಡ ಕೆಂಪಗಿತ್ತು. ಆಮೇಲೆ ತುಂಬಾ ಹೆಸರು ಮಾಡಿದನಾ?”

“ಎಲ್ಲಿ? ಎರಡು ರೆಕಾರ್ಡ್ ಮಾಡಿ ಬಿಟ್ಟೇಬಿಟ್ಟರಂತೆ. ಇಷ್ಟು ವರ್ಷ ಬಡಗಿ ಕೆಲಸ. ಮೊನ್ನೆ ಮೊನ್ನೆ ಮತ್ತೆ ಹಾಡೋಕೆ ಶುರುಮಾಡಿದ್ದಾರೆ.”

“ಯಾಕೆ ಬಿಟ್ಟ? ಒಳ್ಳೇ ಕಂಠ.”

“ಅದನ್ನೂ ಹೇಳಿದ್ದಾರೆ. ವಯನಾಡಿನ ಒಂದು ಮನೇಲಿ ಹಾಡ್ತಿದ್ದಾಗ ಅರ್ಧದಲ್ಲೇ ಎಲ್ಲರೂ ಎದ್ದು ಹೋದರಂತೆ. ಅವತ್ತಿಂದ ಜನರ ಮುಂದೆ ನಿಲ್ಲೋಕೆ ಧೈರ್ಯವೇ ಬರಲಿಲ್ಲವಂತೆ.”

ಅಜ್ಜಿ ಫೋನನ್ನು ತಮ್ಮ ಕಡೆ ತಿರುಗಿಸಿಕೊಂಡರು.

“ಹೊತ್ತು ಮುಳುಗ್ತಾ ಇತ್ತು ಮೋಳೇ. ಕತ್ತಲಾದ ಮೇಲೆ ನಾವು ಉಣ್ಣೋದುಂಟಾ? ಅವನಿಗೂ ಎಲೆ ಹಾಕಿದ್ದೆವು. ಕರೆಯೋಕೆ ಅಂಗಳಕ್ಕೆ ಬಂದು ನೋಡಿದರೆ ಆಳೇ ಇಲ್ಲ.”

“ಬರೆದು ತಿಳಿಸ್ಲಾ ಅಜ್ಜೀ?”

“ತಿಳಿಸು. ಅವತ್ತಿನ ಹಾಡು ಸಿಗ್ತದಾ?”

“ಇದೇ ಇರಬೇಕು, ಕೇಳಿ.”

“ಹೌದು, ಇದೇ.”

ಅಷ್ಟರಲ್ಲಿ ಬಸ್ಸು ಬಂತು. ಮೊಮ್ಮಗಳು ಹಾಡು ನಿಲ್ಲಿಸಿ, ಬ್ಯಾಗ್ ಎತ್ತಿಕೊಂಡು ನಿಂತಳು.

“ಕೂತ್ಕೋ,” ಅಂದರು ಅಜ್ಜಿ. “ಇನ್ನೊಂದು ಬಸ್ಸು ಬರ್ತದೆ. ಇವತ್ತು ಮುಗಿಯೋವರೆಗೂ ಕೇಳೋಣ.”

ನನ್ನ ಬಸ್ಸು ಹೊರಟಾಗ ಇಬ್ಬರೂ ಫೋನಿಗೆ ತಲೆ ಬಾಗಿಸಿ ಬೆಂಚಿನ ಮೇಲೇ ಕೂತಿದ್ದರು.