ಮೂರನೇ ಕೊಪ್ಪರಿಗೆಯ ಬಿಡುವು

ಬೆಳಗಿನಿಂದ ಬಿಡದೆ ಸುರಿದ ಮಳೆಗೆ ಕಬ್ಬಿನ ಗದ್ದೆಗಳಿಗೆ ಲಾರಿ ಇಳಿಯಲಿಲ್ಲ. ಕೌಕಾ ಕಣಿವೆಯ ಆ ಸಕ್ಕರೆ ಕಾರ್ಖಾನೆ ಅರೆಯುವುದನ್ನು ನಿಲ್ಲಿಸಿತು. ಕಾರ್ಖಾನೆ ನಿಂತರೆ ಕ್ಯಾಂಟೀನ್ ತುಂಬುತ್ತದೆ. ಕಂಟ್ರೋಲ್ ರೂಮಿನ ಯುರಾನಿಯೂ ಮಹಡಿ ಇಳಿದು ಬಂದು, ಒಲೆಯ ಹತ್ತಿರದ ಬೆಂಚಿನಲ್ಲಿ ಜಾಗ ಮಾಡಿಕೊಂಡು ಕೂತಳು.

ಅವಳಿಗೆ ಅವತ್ತು ಖುಷಿಯಾಗಿತ್ತು. ಹಳೆಯ ಸಾಫ್ಟ್‌ವೇರ್ ಸಂಜೆಗೆ ನಿಲ್ಲಲಿತ್ತು, ಹೊಸದನ್ನು ಅವಳೇ ಸಿದ್ಧ ಮಾಡಿ ಮುಗಿಸಿದ್ದಳು. ಪರದೆಯ ಮೇಲೆ ಪಾಕ ಕುದಿಸುವ ಒಂದೊಂದು ಕೊಪ್ಪರಿಗೆಗೂ ಒಂದೊಂದು ಸಾಲು, ಒಂದೊಂದು ಕುದಿಗೂ ಒಂದೊಂದು ಬಣ್ಣದ ಪಟ್ಟಿ. ಪಟ್ಟಿಯನ್ನು ಮೌಸಿನಿಂದ ಯಾವ ಹೊತ್ತಿಗೆ ಎಳೆದಿಟ್ಟರೆ ಕೆಳಗೆ ಕೊಪ್ಪರಿಗೆ ಆ ಹೊತ್ತಿಗೆ ಸರಿಯಾಗಿ ತುಂಬುತ್ತದೆ, ಕುದಿಯುತ್ತದೆ, ಇಳಿಯುತ್ತದೆ.

ಬಾಯ್ಲರ್ ನೋಡಿಕೊಳ್ಳುವ ಹೆರ್ನೆಯ್ ಅವಳನ್ನು ಕೆಣಕಿದ. "ಏನು ಯುರಾನಿ, ಮೂರನೇ ಕೊಪ್ಪರಿಗೆ ದೆವ್ವಾನೂ ಕೆಲಸದಿಂದ ತೆಗೆದುಬಿಟ್ಟೆಯಂತೆ? ಅದಕ್ಕೆ ಪಿಂಚಣಿಯಾದ್ರೂ ಕೊಡಿಸೇ."

"ದೆವ್ವಾನೂ ಇಲ್ಲ ಗಿವ್ವಾನೂ ಇಲ್ಲ. ದಿನಾ ಮಧ್ಯಾಹ್ನ ಆ ಸಾಲಲ್ಲಿ ಒಂದು ಖಾಲಿ ಜಾಗ ಬಿಟ್ಕೋತಿತ್ತು. ನಾನು ಮುಚ್ಚಿದ್ರೆ ಮತ್ತೆ ಬಿಟ್ಕೋತಿತ್ತು. ಹಳೇ ಸಾಫ್ಟ್‌ವೇರ್, ಮುದಿಯಾಗಿತ್ತು. ಇನ್ನು ಆ ಕಾಟ ಇಲ್ಲ."

ಪಾಂದೆಬೋನೊ ಚೀಸ್ ಬನ್ನುಗಳ ತಟ್ಟೆ ತರುತ್ತಿದ್ದ ಎನೆಯ್ಡಾ ಅಲ್ಲೇ ನಿಂತಳು. ಕ್ಯಾಂಟೀನಿನಲ್ಲಿ ಎಲ್ಲರೂ ಅಜ್ಜಿ ಎಂದು ಕರೆಯುವ ಅಡುಗೆಯಾಕೆ. ತಟ್ಟೆ ಇಟ್ಟು, ಕೈ ಒರೆಸಿಕೊಂಡು, ಒಂದು ಸ್ಟೂಲು ಎಳೆದುಕೊಂಡಳು.

"ದೆವ್ವ ಅನ್ನಬೇಡ ಹೆರ್ನೆಯ್. ಅವನಿಗೊಂದು ಹೆಸರಿದೆ. ಫನೋರ್... ನನ್ನ ಗಂಡ."

ಬೆಂಚಿನವರೆಲ್ಲ ಅಜ್ಜಿಯ ಕಡೆ ತಿರುಗಿದರು. ತಗಡಿನ ಮಾಡಿನ ಮೇಲೆ ಮಳೆ ಸುರಿಯುತ್ತಲೇ ಇತ್ತು.

"ಆ ಪರದೆ ಮೊದಲು ಬಂದಾಗ ಪಾಕ ಕಾಯಿಸೋ ಗಂಡಸರೆಲ್ಲಾ ಮೂಗು ಮುರಿದ್ರು ಕಣ್ರಪ್ಪಾ, ಬೆರಳಲ್ಲಿ ಎಳೆ ನೋಡಿ ಪಾಕ ಇಳಿಸಿದ ಕೈಗೆ ಈ ಆಟದ ಸಾಮಾನು ಕೊಡ್ತಾರಾ ಅಂತ... ಫನೋರ್ ಮಾತ್ರ ಎಲ್ಲರಿಗಿಂತ ಮುಂಚೆ ಕಲಿತುಬಿಟ್ಟ. ಯಾಕೆ ಹೇಳಿ? ಒಂದು ಪಾಕ ಇಳಿದ ಮೇಲೆ ಇನ್ನೊಂದು ಏರಿಸೋಕೆ ಮುಂಚೆ ಕೊಪ್ಪರಿಗೇನ ಹಬೆ ಬಿಟ್ಟು ತೊಳೀಬೇಕಲ್ಲಾ, ಆ ತೊಳೆಯೋ ಹೊತ್ತನ್ನ ಮಧ್ಯಾಹ್ನದ ಕಡೆ ಒಂಚೂರು, ಸಾಹೇಬರ ಕಣ್ಣಿಗೆ ಬೀಳದಷ್ಟು, ಉದ್ದ ಮಾಡಿಡ್ತಿದ್ದ. ಅಷ್ಟು ಬಿಡುವಲ್ಲಿ ಹಿಂದಿನ ಗೇಟಿಗೆ ಓಡಿ ಬರ್ತಿದ್ದ. ನಾನು ಫ್ಲಾಸ್ಕು ಹಿಡ್ಕೊಂಡು ನಿಂತಿರ್ತಿದ್ದೆ... ಒಂದೇ ಲೋಟ. ನೀನೂ ಕುಡಿಯೇ ಅಂತಿದ್ದ. ನಿನಗೆ ಆತುರ, ನೀನು ಕುಡಿದು ಹೋಗು, ಆತುರ ಇಲ್ಲದ ದಿನ ಎರಡು ಲೋಟ ತರ್ತೀನಿ, ಕೂತು ಕುಡಿಯೋಣ ಅಂತಿದ್ದೆ. ಅಂಥ ದಿನ ಎಲ್ಲಿ ಬಂತು?"

ಯಾರೂ ತಟ್ಟೆ ಮುಟ್ಟಿರಲಿಲ್ಲ.

"ಒಂದಿನ ನಿಂತೆ. ನಿಂತೇ ಇದ್ದೆ... ಕಾಫಿ ಆರಿ ತಣ್ಣಗಾಯ್ತು. ಅವನು ಪರದೆ ಮೇಲೆ ಆ ಬಿಡುವು ಎಳೆದಿಟ್ಟು, ಏಳೋಕೆ ಹೋಗಿ, ಕುರ್ಚೀಲೇ ಒರಗಿದ್ನಂತೆ. ಎದೆ ನಿಂತಿತ್ತು. ಮಣ್ಣು ಮಾಡಿ ಬಂದ ಮಾರನೇ ದಿನ ಎಂಜಿನಿಯರು ಆ ಜಾಗ ಮುಚ್ಚಿದ್ರು. ಅದು ತೆರೆದುಕೊಳ್ತು. ಕಾಲಿ ನಗರದಿಂದ ದೊಡ್ಡ ದೊಡ್ಡವರು ಬಂದು ಯಂತ್ರಾನೇ ಬದಲಾಯಿಸಿದ್ರು... ತೆರೆದುಕೊಳ್ತು. ಕೊನೆಗೆ, ಹೋಗ್ಲಿ ಬಿಡಿ, ಒಂದು ಲೋಟ ಕಾಫಿ ಕುಡಿಯೋಷ್ಟು ಹೊತ್ತು ತಾನೇ ಅಂದ್ರು. ನನಗೆ ಅರ್ಥ ಆಯ್ತು. ಅವತ್ತಿಂದ ದಿನಾ ಹೋಗ್ತೀನಿ. ಲೋಟ ತುಂಬಿ ಕಟ್ಟೆ ಮೇಲಿಟ್ಟು, ಬೆನ್ನು ತಿರುಗಿಸಿ ನಿಲ್ತೀನಿ. ತಿರುಗಿ ನೋಡಿದ್ರೆ ಖಾಲಿ. ಮುಖ ಕಾಣೋಕಿಲ್ಲ. ಒಂದ್ಸಲ ಮುಖ ನೋಡಬೇಕು ಅಂತ ಬಹಳ ಆಸೆ ಕಣ್ರೇ. ಆದ್ರೆ ಅವನಿಗೆ ಆತುರ."

ಆಮೇಲೆ ಯುರಾನಿಯ ಕಡೆ ತಿರುಗಿದಳು.

"ನೀನು ದಿನಾ ನೋಡ್ತಿದ್ದೆಯಲ್ಲಾ ಮಗಳೇ. ಆ ಬಿಡುವು ಮೊದಲಿನಷ್ಟೇ ಇತ್ತಾ, ಬೆಳೀತಿತ್ತಾ?"

ಯುರಾನಿ ತನ್ನ ಅಂಗೈ ನೋಡಿಕೊಂಡಳು. ಬೆಳೆಯುತ್ತಿತ್ತು. ಅವಳು ಕೆಲಸಕ್ಕೆ ಸೇರಿದಾಗ ಬೆರಳಗಲ ಇದ್ದದ್ದು ಈಚೆಗೆ ಅಂಗೈಯಗಲ ಆಗಿತ್ತು.

"ಬೆಳೀತಿತ್ತು. ನನಗೆ ಗೊತ್ತು. ಈಚೆಗೆ ಲೋಟ ಖಾಲಿ ಆಗೋದು ನಿಧಾನ," ಎಂದು ಎನೆಯ್ಡಾ ನಕ್ಕಳು. ಆ ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ. "ನಿನ್ನ ಹೊಸದರಲ್ಲಿ ಆ ಜಾಗ ಇದೆಯಾ?"

"ಇಲ್ಲ ಅಜ್ಜಿ."

"ಇಲ್ಲದಿದ್ರೆ ಅವನು ಯಾವಾಗ ಬರ್ತಾನೆ?"

ದೆವ್ವವನ್ನು ಯುರಾನಿ ನಂಬಿದವಳಲ್ಲ. ಆದರೆ ಈ ಮುದುಕಿಯ ಮಧ್ಯಾಹ್ನವನ್ನು ತಾನೇ ಕಿತ್ತುಕೊಂಡಂತಾಯಿತಲ್ಲ ಎಂದು ಸಂಕಟವಾಯಿತು. ಎಷ್ಟಾದರೂ ಒಂದು ಕಾಫಿಯ ಹೊತ್ತು, ತಾನೇ ಬಿಟ್ಟುಕೊಟ್ಟರಾಯಿತು ಎಂದುಕೊಂಡು ಮೆಟ್ಟಿಲು ಹತ್ತಿದಳು.

ಹೊಸ ಪರದೆಯಲ್ಲಿ, ಮೂರನೇ ಸಾಲಿನಲ್ಲಿ, ಬಿಡುವು ಆಗಲೇ ತೆರೆದಿತ್ತು.

ಹೊಸ ಸಾಫ್ಟ್‌ವೇರ್ ಇದ್ದ ಯಂತ್ರಕ್ಕೆ ಕರೆಂಟಿನದ್ದು ಬಿಟ್ಟು ಇನ್ನೂ ಯಾವ ತಂತಿಯನ್ನೂ ಜೋಡಿಸಿರಲಿಲ್ಲ, ಬಾಗಿಲ ಕೀಲಿ ಅವಳ ಕೈಯಲ್ಲೇ ಇತ್ತು. ಬೆಳಗಿನ ಪಟ್ಟಿಯ ನಂತರ ಆ ಸಾಲು ಬೆಳ್ಳಗಿತ್ತು. ಅವಳು ಪರದೆಯನ್ನು ನಾಳೆಗೆ ಸರಿಸಿದಳು, ಮುಂದಿನ ವಾರಕ್ಕೆ ಸರಿಸಿದಳು, ಮುಂದಿನ ತಿಂಗಳಿಗೆ ಸರಿಸಿದಳು. ಎಲ್ಲೂ ಪಟ್ಟಿ ಇರಲಿಲ್ಲ. ಒಂದು ಹೊಸ ಪಟ್ಟಿ ತಂದು ಸಂಜೆಯ ಜಾಗಕ್ಕೆ ಇಟ್ಟಳು. ಬೆರಳು ತೆಗೆದ ಕೂಡಲೇ ಅದು ಮೆಲ್ಲಗೆ ಜಾರಿ ಅಂಚಿನಾಚೆ ಹೋಯಿತು.

ಅವಳು ಕ್ಯಾಂಟೀನಿಗೆ ಫೋನ್ ಮಾಡಿದಳು. ಹೆರ್ನೆಯ್ ಎತ್ತಿದ.

"ಅಜ್ಜಿ ಎಲ್ಲಿ?"

"ಈಗ ತಾನೇ ಹಿಂದಿನ ಗೇಟಿಗೆ ಹೋದ್ರು. ಮಳೆ ನಿಲ್ಲಲಿ ಅಂದೆ, ಕೇಳಲಿಲ್ಲ. ನಿನಗೊಂದು ಮಾತು ಹೇಳು ಅಂದ್ರು."

"ಏನಂತೆ?"

"ಆ ಪಟ್ಟಿ ಎಳೆಯೋಕೆ ಹೋಗಬೇಡ, ಇವತ್ತು ಫನೋರ್‌ಗೆ ವಾಪಸ್ ಹೋಗೋ ಆತುರ ಇಲ್ಲ ಅಂತ." ಹೆರ್ನೆಯ್ ದನಿಯಲ್ಲಿ ಕೀಟಲೆ ಇರಲಿಲ್ಲ. "ಯುರಾನಿ... ಅಜ್ಜಿ ಎರಡು ಲೋಟ ತಗೊಂಡು ಹೋಗಿದ್ದಾರೆ."